ಮುಂಜಾನೆ ತಬಲಾ, ಮಧ್ಯಾಹ್ನ ಜಾಜ್

ನಮ್ಮ ಸಂಗೀತ ವಿದ್ಯಾಲಯದ ಬೋರ್ಡು ವಿದ್ಯಾಲಯಕ್ಕಿಂತ ದೊಡ್ಡದಾಗಿತ್ತು. ಹಳೇ ಬಾಗಲಕೋಟೆಯ ಓಣಿಯೊಂದರಲ್ಲಿ ಗುರುಗಳು ಬಾಡಿಗೆಗೆ ಹಿಡಿದಿದ್ದ ಮನೆಯ ಪಡಸಾಲೆಯೇ ನಮ್ಮ ವಿದ್ಯಾಲಯ. ಬೋರ್ಡು ಮಾತ್ರ ಪಕ್ಕದ ಮನೆಯ ಗೋಡೆಯ ಮೇಲೂ ಚಾಚಿಕೊಂಡಿತ್ತು. ಪಕ್ಕದ ಮನೆಯವರು ಭಾಳ ಒಳ್ಳೆಯವರು. ಅವರ ಗೋಡೆಯ ಮೇಲೆ ಬಂದ ಅಕ್ಷರಗಳಿಗೂ ದೀಪಾವಳಿಗೆ ತಪ್ಪದೆ ಸುಣ್ಣ ಬಳಿಯುತ್ತಿದ್ದರು. ನಾನು ಸೇರುವ ಹೊತ್ತಿಗೆ ಬೋರ್ಡಿನಲ್ಲಿ ‘ಸಂಗೀತ’ ಅಷ್ಟೇ ಉಳಿದಿತ್ತು, ವಿದ್ಯೆ ಸುಣ್ಣದ ಕೆಳಗೆ ಹೋಗಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಇಳಕಲ್ಲಿನ ನೇಕಾರರ ಮನೆಯಿಂದ ನಾನು ತಬಲಾ ಕಲಿಯಲು ಬಾಗಲಕೋಟೆಗೆ ಬಂದಿದ್ದೆ. ಮನೆಯಲ್ಲಿ ಮಗ್ಗದ ಸಪ್ಪಳ ಕೇಳಿ ಕೇಳಿ ಲಯ ರಕ್ತದಲ್ಲೇ ಬಂದಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಖರೆ ಕಾರಣ ಬೇರೆ ಇತ್ತು. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತರೆ ಎರಡು ತಾಸಿನಲ್ಲಿ ನನಗೆ ಸೊಂಟ ನೋಯುತ್ತಿತ್ತು. ಕಲಾವಿದರ ಸೊಂಟ ನೋಯುವುದಿಲ್ಲ ಎಂಬ ಭ್ರಮೆಯಲ್ಲಿ ಬಂದವನು ನಾನು.

ಗುರುಗಳ ಪದ್ಧತಿ ಗಟ್ಟಿ. ಮೊದಲ ವರ್ಷ ತಬಲಾ ಮುಟ್ಟುವಂತಿಲ್ಲ. ಬಾಯಿಯಿಂದ ‘ಧಾ ಧಿನ್ ಧಿನ್ ಧಾ’ ಹೇಳುವುದು, ಕೈಯಿಂದ ಚಪ್ಪಾಳೆ ಹಾಕುವುದು, ಅಷ್ಟೇ. ಯುಗಾದಿಗೆ ಊರಿಗೆ ಹೋದಾಗ ಅಪ್ಪ ಬಂಧು ಬಳಗವನ್ನೆಲ್ಲ ಕೂಡಿಸಿ, “ಏನ್ ಕಲ್ತಿ ತೋರಸಪಾ” ಎಂದ. ನಾನು ಕಣ್ಣು ಮುಚ್ಚಿ ಭಕ್ತಿಯಿಂದ ಚಪ್ಪಾಳೆ ಹಾಕಿದೆ. ಅಪ್ಪ ಸ್ವಲ್ಪ ಹೊತ್ತು ನೋಡಿ, “ಚಪ್ಪಾಳಿ ಹೊಡೀಲಿಕ್ಕೆ ಬಾಗಲಕೋಟಿಗೆ ಹೋಗಬೇಕಾಗಿತ್ತೇನೋ? ಇಲ್ಲೇ ಹೊಡೀಬಹುದಾಗಿತ್ತಲ್ಲ” ಎಂದು ಎದ್ದು ಹೋದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ನನ್ನ ಜೊತೆಗಾರರೂ ಅಂಥವರೇ. ಹೆಚ್ಚಿನವರು ಹುಡುಗಿಯರು. ವರನ ಕಡೆಯವರು ನೋಡಲು ಬಂದಾಗ ಹಾಡಲು ಒಂದೇ ಒಂದು ಹಾಡು ಕಲಿಯಬೇಕು, ಅಷ್ಟೇ ಅವರ ಸಾಧನೆಯ ಗುರಿ. ಹಾಡು ಪೂರ್ತಿ ಕಲಿಯುವುದರೊಳಗೆ ಲಗ್ನ ಗೊತ್ತಾದರೆ ಉಳಿದ ಚರಣವನ್ನು ನಮ್ಮ ಪಾಲಿಗೆ ಬಿಟ್ಟು ಹೋಗುತ್ತಿದ್ದರು. ಇನ್ನೊಬ್ಬರು ಬ್ಯಾಂಕಿನ ಗುಮಾಸ್ತರು. ರಕ್ತದೊತ್ತಡ ಇಳಿಯಲಿ ಎಂದು ಡಾಕ್ಟರು ಸಂಗೀತ ಬರೆದುಕೊಟ್ಟಿದ್ದರಂತೆ. ಅವರು ಹಾಡತೊಡಗಿದರೆ ಅವರದು ಇಳಿಯುತ್ತಿತ್ತು, ನಮ್ಮದು ಏರುತ್ತಿತ್ತು. ವರ್ಷಕ್ಕೊಮ್ಮೆ ಪರೀಕ್ಷೆ. ಪರೀಕ್ಷಕರು ದೂರದಿಂದ ಬಾದಾಮಿಯ ಗುಹೆ ನೋಡಲು ಬರುತ್ತಿದ್ದರು, ಹಾದಿಯಲ್ಲಿ ನಮ್ಮನ್ನೂ ನೋಡಿ ಹೋಗುತ್ತಿದ್ದರು.

ಪಡಸಾಲೆಯ ಆಚೆ ಅಡುಗೆಮನೆ. ಗುರುಗಳ ಹೆಂಡತಿಯನ್ನು ನಾವೆಲ್ಲ ಅವ್ವಾರು ಅನ್ನುತ್ತಿದ್ದೆವು. ಗುರುಗಳು ಪಾಠಕ್ಕೆ ಕೂಡುವ ಹೊತ್ತಿಗೆ ಸರಿಯಾಗಿ ಅವ್ವಾರು ಜೋಳದ ರೊಟ್ಟಿ ಬಡಿಯಲು ಕೂಡುತ್ತಿದ್ದರು. ಗುರುಗಳು ಮುಂಜಾನೆಯ ರಾಗ ಎತ್ತಿಕೊಂಡರೆ ಒಳಗಿಂದ ರೊಟ್ಟಿಯ ಸಪ್ಪಳ. ಅವರು ಲಯ ಏರಿಸಿದರೆ ಅವ್ವಾರ ಕೈಯೂ ಚುರುಕಾಗುತ್ತಿತ್ತೋ, ಅವ್ವಾರ ಕೈ ಚುರುಕಾದದ್ದಕ್ಕೆ ಇವರು ಏರಿಸುತ್ತಿದ್ದರೋ, ನಮಗೆ ಕೊನೆಗೂ ತಿಳಿಯಲಿಲ್ಲ. ಅವರಿಬ್ಬರೂ ಆ ಬಗ್ಗೆ ಮಾತಾಡಿದ್ದನ್ನೂ ನಾನು ಕೇಳಿಲ್ಲ. ಆದರೆ ಅವ್ವಾರು ತವರಿಗೆ ಹೋದ ದಿನ ಗುರುಗಳು ಗಂಟಲು ಸರಿ ಇಲ್ಲವೆಂದು ಪಾಠ ಬಿಡುತ್ತಿದ್ದರು.

ಗುರುಗಳು ನಮಗೆ ಕಲಿಸಿದ ಮೊದಲ ಹಾಗೂ ಕೊನೆಯ ನಿಯಮ ಒಂದೇ: “ಹಾಡಾಂವ ಸತ್ತರೂ ಠೇಕಾ ನಿಲ್ಲಬಾರದು.” ಠೇಕಾ ಅಂದರೆ ಹಾಡಿನ ಕೆಳಗೆ ತಬಲಾ ಬಿಡದೆ ನುಡಿಸುತ್ತಾ ಹೋಗುವ ತಾಳ. ಹಾಡುವವರು ಕೆಮ್ಮಲಿ, ನೀರು ಕುಡಿಯಲಿ, ಮರೆಯಲಿ, ತಬಲಾದವನು ಎತ್ತಿನ ಹಾಗೆ ನಡೆಯುತ್ತಲೇ ಇರಬೇಕು.

ನಾನು ಎತ್ತಾಗಲು ಒಪ್ಪಿಕೊಂಡಿದ್ದೆ. ಆದರೆ ಎತ್ತಿಗೂ ಮೇವು ಬೇಕಲ್ಲ? ನನ್ನ ಮೂರನೇ ವರ್ಷ ಬಾಗಲಕೋಟೆಯಲ್ಲಿ ಒಂದು ನಾಟಕ ಕಂಪನಿ ತಗಡಿನ ಥೇಟರ್ ಹಾಕಿ ಕ್ಯಾಂಪ್ ಮಾಡಿತ್ತು. ಅವರಿಗೆ ಜಾಜ್ ಬಾರಿಸುವವನು ಬೇಕಾಗಿದ್ದ. ನಮ್ಮ ಕಡೆ ಕಂಪನಿಯ ಡ್ರಮ್ ಸೆಟ್ಟಿಗೆ ಜಾಜ್ ಅನ್ನುತ್ತಾರೆ: ಒಂದು ದೊಡ್ಡ ಡೋಲು, ಎರಡು ಸಣ್ಣವು, ಮೇಲೊಂದು ಹಿತ್ತಾಳೆಯ ತಟ್ಟೆ. ಅಮೆರಿಕದಲ್ಲಿ ಇದೇ ಹೆಸರಿನ ಸಂಗೀತವೇ ಇದೆ ಎಂದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಕ್ಯಾಸೆಟ್ ತರಿಸಿ ಕೇಳಿದೆ. ಚೆನ್ನಾಗಿಯೇ ಬಾರಿಸುತ್ತಾರೆ, ಪಾಪ. ಆದರೆ ಹಾಸ್ಯ ಪಾತ್ರದವನೇ ಇಲ್ಲ. ಅವನಿಲ್ಲದೆ ಇಷ್ಟೆಲ್ಲ ಯಾರಿಗಾಗಿ ಬಾರಿಸುತ್ತಾರೋ!

ಹೀಗೆ ಮುಂಜಾನೆ ತಬಲಾ, ಮಧ್ಯಾಹ್ನ ತಾಲೀಮಿನಲ್ಲಿ ಜಾಜ್. ಅಲ್ಲಿ ನನ್ನ ಗುರು ಕಂಪನಿಯ ಹಾಸ್ಯ ಪಾತ್ರಧಾರಿ. ರಂಗದ ಮೇಲೆ ಊರನ್ನೇ ನಗಿಸುವವನು, ಇಳಿದ ಮೇಲೆ ಸೂತಕದ ಮನೆಯವನ ಹಾಗೆ ಇರುತ್ತಿದ್ದ. ಅವನ ಪಾಠ ಚಿಕ್ಕದು. “ನಾ ಮಾತು ಮುಗಿಸಿ ಉಸಿರು ಎಳಕೊತೇನಿ ನೋಡು, ಅಲ್ಲೇ ಬೀಳಬೇಕು ನಿಂದು. ಧಡಂ ಛನ್! ನೀ ಹೊಡೀದಿದ್ರ ಮಂದಿಗೆ ಎಲ್ಲಿ ನಗಬೇಕಂತ ತಿಳಿಯೂದಿಲ್ಲಲೇ.” ನಾನು ಅವನ ಉಸಿರನ್ನು ಎಷ್ಟು ಕಲಿತೆನೆಂದರೆ, ಚಹಾದಂಗಡಿಯಲ್ಲಿ ಯಾರಾದರೂ ಮಾತು ನಿಲ್ಲಿಸಿದರೂ ನನ್ನ ಕೈ ಟೇಬಲ್ ಮೇಲೆ ಬೀಳುತ್ತಿತ್ತು.

ಎರಡನೇ ಪಾಠ ಅಳುವ ಸೀನಿನದು. ತಾಯಿ ಸಾಯುವಾಗ, ಮಗಳನ್ನು ಮನೆಯಿಂದ ಹೊರಗೆ ಹಾಕುವಾಗ ಜಾಜ್ ಸುಮ್ಮನಿರಬೇಕು. “ಸುಮ್ಮನ ಕೂಡತೇನಿ ಅನಬ್ಯಾಡ, ಕೈ ನಂಬಬ್ಯಾಡ” ಎಂದ ಅವನು. “ಕೋಲು ತೊಡಿ ಕೆಳಗ ಇಟ್ಟು, ಕೈನೂ ಇಟ್ಟು, ಮ್ಯಾಲ ಕುಂದರು.” ನನಗಿಂತ ಮೊದಲು ಇದ್ದವನು ತಾಯಿ ಸಾಯುವ ಸೀನಿನಲ್ಲಿ ಅಭ್ಯಾಸ ಬಲದಿಂದ ಧಡಂ ಅನ್ನಿಸಿದ್ದನಂತೆ. ಥೇಟರಿಗೆ ಥೇಟರೇ ನಕ್ಕಿತಂತೆ, ಸತ್ತ ತಾಯಿಯೂ ನಕ್ಕಳಂತೆ. ಮರುದಿನ ಅವನ ಹಾಸಿಗೆ ಸುತ್ತಿ ಬಸ್ಸಿಗೆ ಹಾಕಿದರು.

ನಾನು ಕಂಪನಿಗೆ ಹೋಗುವುದು ಗುರುಗಳಿಗೆ ಗೊತ್ತಿತ್ತು. ಬೈಯಲಿಲ್ಲ. “ಆ ತಗಡಿನ ಡಬ್ಬಿ ಬಾರಿಸಿ ಕೈ ಕೆಟ್ಟೈತಿ ನಿಂದು” ಎಂದಷ್ಟೇ ಹೇಳಿ, ನನ್ನನ್ನು ಸಾಥಿಗೆ ಕೂಡಿಸಿಕೊಳ್ಳುವ ಮಾತನ್ನೇ ಬಿಟ್ಟರು. ತಬಲಾ ಕಲಿಯುವವನಿಗೆ ಗುರುವಿನ ಹಾಡಿಗೆ ಸಾಥ್ ಕೊಡುವುದೇ ಪದವಿ. ಮೂರು ವರ್ಷ ಕಳೆದರೂ ನನಗೆ ಅದು ಸಿಗಲಿಲ್ಲ. ಅವ್ವಾರು ಮಾತ್ರ ನನ್ನ ಕಡೆ. ಓಣಿಯವರಿಗೆ ಕೀರ್ತನೆಗೆ ಹೋಗುತ್ತೇನೆಂದು ಹೇಳಿ ಎರಡು ಸಲ ನಾಟಕ ನೋಡಲು ಬಂದರು. ಹೆಂಗಸರ ಸಾಲಿನಿಂದ ಅವರ ನಗೆ ನನಗೆ ಬೇರೆಯಾಗಿ ಕೇಳುತ್ತಿತ್ತು. ಮರುದಿನ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಬಿತ್ತು. “ಇವರಿಗೂ ಹೇಳೇನಿ, ಒಮ್ಮೆ ಬಂದು ನೋಡ್ರಿ ಅಂತ. ಬರವಲ್ರು. ದೊಡ್ಡ ಗಾಯಕರಲ್ಲ!” ಎಂದು ಒಳಗಿಂದಲೇ ಗುರುಗಳಿಗೆ ಕೇಳುವಂತೆ ಅಂದರು. ಗುರುಗಳು ತಂಬೂರಿಯ ಕಿವಿ ಹಿಂಡುತ್ತಾ ಕೂತರು.

ಆ ಬೇಸಿಗೆಯಲ್ಲಿ ಅವ್ವಾರು ತೀರಿಕೊಂಡರು. ನಾಲ್ಕು ದಿನದ ಜ್ವರ, ಅಷ್ಟೇ. ಖಾನಾವಳಿಯಿಂದ ಡಬ್ಬಿ ಬರತೊಡಗಿತು. ರೊಟ್ಟಿ ಬಂತು, ಸಪ್ಪಳ ಬರಲಿಲ್ಲ. ಗುರುಗಳು ಪಾಠಕ್ಕೆ ಬಂದು ಕೂಡುತ್ತಿದ್ದರು, ಚಪ್ಪಾಳೆ ಹಾಕಿ ತಾಳ ಹೇಳುತ್ತಿದ್ದರು, ಆದರೆ ದನಿ ಎತ್ತಲಿಲ್ಲ. ಹಾಡದ ಗುರುವಿನ ಹತ್ತಿರ ಯಾರು ಇರುತ್ತಾರೆ? ಹುಡುಗಿಯರು ಒಬ್ಬೊಬ್ಬರಾಗಿ ಬೇರೆ ಓಣಿಯ ಹಾರ್ಮೋನಿಯಂ ಮಾಸ್ತರರ ಕಡೆ ಹೋದರು. ಗುಮಾಸ್ತರು ರಕ್ತದೊತ್ತಡಕ್ಕೆ ಗುಳಿಗೆ ಶುರು ಮಾಡಿದರು. ಉಳಿದವರು ನಾನು ಮತ್ತು ತಂಬೂರಿ ಹಿಡಿಯುವ ಒಬ್ಬ ಹುಡುಗಿ. ಗುರುಗಳು ಇನ್ನು ಹಾಡಲಿಕ್ಕಿಲ್ಲ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಪ್ರತಿ ವರ್ಷ ವಿದ್ಯಾಗಿರಿಯ ಕಾಲೇಜೊಂದರ ವಾರ್ಷಿಕ ಕಾರ್ಯಕ್ರಮದಲ್ಲಿ ಗುರುಗಳ ವಚನ ಗಾಯನ ಇರುತ್ತಿತ್ತು. ಆ ಸಲ ಕರೆಯಲು ಬಂದವರಿಗೆ ಅವರು ಚಹಾ ತರಿಸಿಕೊಟ್ಟರು. ಬಂದವರು ಎದ್ದು ನಿಂತಾಗ, “ಒಂದು ವಚನ ಹಾಡತೇನಿ. ಆಕಿಗೆ ಸೇರತಿದ್ದದ್ದು” ಎಂದರು. ಪ್ರತಿ ವರ್ಷ ಸಾಥಿಗೆ ಬರುತ್ತಿದ್ದ ತಬಲಜಿ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಿದ್ದರು. ಊರಿಗೆಲ್ಲ ಒಬ್ಬಳೇ ಪದ್ಮಾವತಿ ಅನ್ನುವ ಹಾಗೆ ಉಳಿದವನು ನಾನೊಬ್ಬ. ಗುರುಗಳು ನನ್ನ ಕೈಗಳನ್ನು ಭಾಳ ಹೊತ್ತು ನೋಡಿದರು. ನಂತರ ನಿಟ್ಟುಸಿರು ಬಿಟ್ಟು, “ಬಾ” ಎಂದರು. ಮೂರು ವರ್ಷ ಕಾದ ಪದವಿ ನನಗೆ ಇಷ್ಟು ಸಡಗರದಿಂದ ಸಿಕ್ಕಿತು.

ಮೊದಲು ಭಾಷಣ, ಆಮೇಲೆ ಗಾಯನ. ನಮ್ಮನ್ನು ವೇದಿಕೆಯ ಒಂದು ಮೂಲೆಯಲ್ಲಿ ಮೊದಲೇ ಕೂಡಿಸಿಬಿಟ್ಟಿದ್ದರು. ಗುರುಗಳು ಕಣ್ಣು ಮುಚ್ಚಿದ್ದರು, ಹಿಂದೆ ತಂಬೂರಿಯ ಹುಡುಗಿ. ನನ್ನ ಮುಂದೆ ಶ್ರುತಿ ಮಾಡಿದ ತಬಲಾ. ಮುಖ್ಯ ಅತಿಥಿಗಳು ಮೈಕಿನ ಮುಂದೆ ನಿಂತರು. ಅವರಿಗೊಂದು ಅಭ್ಯಾಸ: ಪ್ರತಿ ವಾಕ್ಯ ಮುಗಿದ ಮೇಲೆ, ಇಂಥ ಮಾತು ಸಭೆಗೆ ಅರಗುತ್ತದೋ ಇಲ್ಲವೋ ಎಂದು ನಿಂತು ನೋಡುತ್ತಿದ್ದರು. “ಯುವಕರೇ ಈ ದೇಶದ ಬೆನ್ನೆಲುಬು” ಎಂದರು. ನಿಂತರು. ಉಸಿರು ಎಳೆದುಕೊಂಡರು.

ನನ್ನ ಕೈ ಬಿತ್ತು. ಧಡಂ!

ಸಭೆ ಗೊಳ್ಳೆಂದು ನಕ್ಕಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೈಯನ್ನು ಕಚ್ಚಬೇಕು ಅನ್ನುವಷ್ಟು ಸಿಟ್ಟು ಬಂತು. ಆದರೆ ಅತಿಥಿಗಳ ಮುಖ ನೋಡಿದರೆ ಅರಳಿ ಹೋಗಿತ್ತು. ಎಷ್ಟು ವರ್ಷ ಎಷ್ಟು ಭಾಷಣ ಮಾಡಿದ್ದರೋ, ಅವರ ಮಾತಿಗೆ ಮಂದಿ ನಕ್ಕದ್ದು ಅದೇ ಮೊದಲಿರಬೇಕು. ಮುಂದಿನ ವಾಕ್ಯ ಹೇಳಿ, ನಿಂತು, ಈ ಸಲ ಸಭೆಯನ್ನಲ್ಲ, ನನ್ನನ್ನೇ ನೋಡಿದರು. ನಾನು ಹೊಡೆಯಲಿಲ್ಲ. ಅವರು ಕಾದರು. ಹುಬ್ಬು ಕುಣಿಸಿದರು. ಅತಿಥಿ ದೇವರಲ್ಲವೇ? ಹೊಡೆದೆ. ಅಲ್ಲಿಗೆ ನಮ್ಮ ಕಥೆ ಮುಗಿಯಿತು. ಹತ್ತು ನಿಮಿಷದ ಭಾಷಣ ಒಂದು ತಾಸಿಗೆ ಬೆಳೆಯಿತು. ಶಿಕ್ಷಣ, ಸಂಸ್ಕೃತಿ, ಗೊಬ್ಬರ, ಎಲ್ಲವನ್ನೂ ನನ್ನ ತಬಲಾದ ಮೇಲೆ ಹತ್ತಿಸಿ ಅವರು ಇಳಿದರು. ಗುರುಗಳು ಕಣ್ಣು ತೆರೆಯಲೇ ಇಲ್ಲ.

ಗಾಯನ ಶುರುವಾದಾಗ ಸಭೆ ಇನ್ನೂ ನಗೆಯ ಗುಂಗಿನಲ್ಲಿತ್ತು. ಹುಡುಗರು ಗುರುಗಳನ್ನು ನೋಡುವುದು ಬಿಟ್ಟು ನನ್ನ ಕೈಗಳನ್ನೇ ನೋಡುತ್ತಿದ್ದರು. ಗುರುಗಳ ದನಿ ಒಣಗಿತ್ತು, ಆದರೂ ಮೊದಲ ಸಾಲು ದಾಟಿತು. ನಾನು ತಲೆ ತಗ್ಗಿಸಿ ಎತ್ತಿನ ಹಾಗೆ ಠೇಕಾ ನಡೆಸುತ್ತಿದ್ದೆ. ಎರಡನೇ ಸಾಲಿನಲ್ಲಿ ಅವರು ಮೇಲಿನ ಸ್ವರಕ್ಕೆ ಹೋದರು. ಮನೆಯಲ್ಲಿ ಅದೇ ಜಾಗದಲ್ಲಿ ಒಳಗಿನ ರೊಟ್ಟಿ ಸಪ್ಪಳ ಏರುತ್ತಿತ್ತು. ದನಿ ಒಡೆಯಿತು. ಗುರುಗಳು ನಿಂತುಬಿಟ್ಟರು. ಉಸಿರು ಎಳೆದುಕೊಂಡರು.

ಹಿಂದಿನ ಬೆಂಚಿನಲ್ಲಿ ಆಗಲೇ ಕಿಸಕ್ಕೆಂದಿತು. ಇಡೀ ಸಭೆ ನನ್ನ ಧಡಂಗಾಗಿ ಬಾಯಿ ತೆರೆದು ಕೂತಿತ್ತು. ಠೇಕಾ ನಡೆಯುತ್ತಿತ್ತು, ಆದರೆ ಇನ್ನು ನಾನು ಯಾವ ಪೆಟ್ಟು ಹಾಕಿದರೂ ಅದು ಗುರುಗಳ ಮೇಲೆ ನಗೆಯಾಗಿ ಬೀಳುವುದು ನನಗೆ ಗೊತ್ತಿತ್ತು. ಹಾಡುವವನು ಸತ್ತರೂ ಠೇಕಾ ನಿಲ್ಲಬಾರದು. ನಾನು ಎರಡೂ ಕೈ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತೆ.

ತಬಲಾ ನಿಂತಿತು. ತಂಬೂರಿ ಒಂದೇ ಉಳಿಯಿತು. ಹಿಂದಿನ ಬೆಂಚಿನ ನಗೆ ಎಲ್ಲಿ ಬೀಳಬೇಕೆಂದು ತಿಳಿಯದೆ ಅಲ್ಲೇ ಕರಗಿತು. ಗುರುಗಳು ಕಣ್ಣು ತೆರೆದು, ಬರಿದಾದ ತಬಲಾ ನೋಡಿದರು, ನನ್ನನ್ನು ನೋಡಿದರು. ಆಮೇಲೆ ದನಿ ಒಡೆದ ಜಾಗದಿಂದಲೇ ಎತ್ತಿಕೊಂಡು, ತಾಳವಿಲ್ಲದೆ, ಒಂದೊಂದೇ ಮಾತನ್ನು ಹಾಡುತ್ತಾ ವಚನ ಮುಗಿಸಿದರು. ದನಿ ಒಡೆದೇ ಇತ್ತು. ನಾನು ಅಷ್ಟು ಒಳ್ಳೆಯ ಹಾಡನ್ನು ಮತ್ತೆ ಕೇಳಿಲ್ಲ. ಕೈ ತೊಡೆಯ ಕೆಳಗಿದ್ದುದರಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಹೊರಗೆ ಟಾಂಗಾಕ್ಕೆ ಕಾಯುವಾಗ ಮುಖ್ಯ ಅತಿಥಿಗಳು ಬಂದು ನನ್ನ ಬೆನ್ನು ಚಪ್ಪರಿಸಿದರು. “ಮುಂದಿನ ತಿಂಗಳ ಹುನಗುಂದದಾಗ ನನ್ನ ಭಾಷಣ ಐತಿ. ತಬಲಾ ತಗೊಂಡು ಬಂದಬಿಡಪಾ.” ಸಂಗೀತ ಕ್ಷೇತ್ರದಲ್ಲಿ ನನಗೆ ಬಂದ ಮೊದಲ ಆಮಂತ್ರಣ ಅದು. ಅವರು ಹೋದ ಮೇಲೆ ಗುರುಗಳು ಕೇಳಿದರು.

“ಠೇಕಾ ಯಾಕ ಬಿಟ್ಟಿ?”

ಹೇಳಲು ಶಾಸ್ತ್ರದ ಮಾತು ಒಂದೂ ಹೊಳೆಯಲಿಲ್ಲ. “ಅಳೂ ಸೀನ್ ಅನಿಸ್ತರಿ” ಎಂದೆ.

ಟಾಂಗಾ ಬಂತು, ಹತ್ತಿದೆವು. ಹಳೇ ಊರಿನ ಹತ್ತಿರ ಬಂದಾಗ, “ಕಂಪನ್ಯಾಗ ಹಂಗ ಕಲಸ್ತಾರೇನು?” ಎಂದರು. ಹೌದು ಎಂದೆ. ಕೋಲು, ತೊಡೆ, ಸತ್ತ ತಾಯಿ ನಕ್ಕದ್ದು, ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. “ಎರಡ ಸಲ ಕರದ್ಲು. ಹೋಗಬೇಕಾಗಿತ್ತು ನಾ” ಎಂದರು.

ಮುಂದಿನ ರವಿವಾರ ಮಧ್ಯಾಹ್ನದ ಆಟಕ್ಕೆ ಗುರುಗಳು ಬಂದರು. ಇಸ್ತ್ರಿ ಮಾಡಿದ ಜುಬ್ಬಾ, ಹಣೆ ತುಂಬ ವಿಭೂತಿ. ಎಲ್ಲ ಬಿಟ್ಟು ಹೆಂಗಸರ ಸಾಲಿಗೆ ತಾಗಿದ ಕುರ್ಚಿಯಲ್ಲಿ ಕೂತರು. ಹಾಸ್ಯದವನು ಉಸಿರು ಎಳೆದುಕೊಂಡಾಗೆಲ್ಲ ನಾನು ಧಡಂ ಛನ್ ಅನ್ನಿಸಿದೆ, ಥೇಟರ್ ನಕ್ಕಿತು. ಗುರುಗಳು ನಗುವವರಲ್ಲ, ಮೊಳಕಾಲ ಮೇಲೆ ಬೆರಳಿಟ್ಟು ನನ್ನ ತಾಳ ಎಣಿಸುತ್ತಿದ್ದರು. ನಾಟಕದಲ್ಲೂ ಪರೀಕ್ಷೆ ಬಿಡಲಿಲ್ಲವಲ್ಲ ಎಂದು ನನಗೆ ಸಿಟ್ಟೇ ಬಂತು.

ಕೊನೆಗೆ ತಾಯಿ ಸಾಯುವ ಸೀನು ಬಂತು. ಕೋಲುಗಳನ್ನು ತೊಡೆಯ ಕೆಳಗೆ ಇಟ್ಟು ಕೂತು, ಗುರುಗಳ ಕಡೆ ನೋಡಿದೆ. ಅವರು ರಂಗವನ್ನೇ ನೋಡುತ್ತಿದ್ದರು. ತಾಳ ಎಣಿಸುತ್ತಿದ್ದ ಕೈ ಮೊಳಕಾಲ ಮೇಲಿರಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.