ಸೀಕಿಲ್ಲದ ಗುಲಾಬಿ

ಜೆಪ್ಪಿನ ಗುಲಾಬಿಗೆ ಹುಟ್ಟಿದಾಗಿನಿಂದ ಜ್ವರ ನೆಗಡಿ ಎಂದು ಒಂದು ಸೀಕೂ ಬಂದಿರಲಿಲ್ಲ. ಅದು ಅವಳ ಪುಣ್ಯ ಎಂದು ನೆರೆಕರೆಯವರು ಹೇಳುತ್ತಿದ್ದರು. ಅವರಿಗೇನು, ಹೇಳುತ್ತಾರೆ. ಗುಲಾಬಿಗೆ ಮಾತ್ರ ಅದು ಶುದ್ಧ ಅನ್ಯಾಯವಾಗಿ ಕಾಣುತ್ತಿತ್ತು. ಮನೆಗೆ ಬಂದ ಸೀಕನ್ನೆಲ್ಲ ತಂಗಿ ಹೇಮಾಕ್ಷಿ ಒಬ್ಬಳೇ ಬಾಚಿಕೊಂಡಿದ್ದಳು.

ಸೀಕಿನ ಜೊತೆಗೆ ತಾಯಿಯನ್ನೂ ಬಾಚಿಕೊಂಡಿದ್ದಳು. ಬೆಳಗಾದರೆ ತಾಯಿ ದೇಯಿ ಮೊದಲು ಹೋಗುವುದು ಹೇಮಾಕ್ಷಿಯ ಚಾಪೆಯ ಬಳಿಗೆ. ಹಣೆಯ ಮೇಲೆ ಅಂಗೈ ಇಟ್ಟು ಜ್ವರ ಉಂಟೋ ಇಲ್ಲವೋ ಎಂದು ನೋಡುವಳು. ಕಂಡವರ ಮನೆಯ ಭತ್ತ ಕುಟ್ಟಿ ಜಡ್ಡುಗಟ್ಟಿದ ಕೈ ಅದು, ಆ ಹಣೆಯ ಮೇಲೆ ಮಾತ್ರ ಎಷ್ಟು ಮೆತ್ತಗೆ ಕೂರುತ್ತಿತ್ತು! ಅಲ್ಲಿಂದ ಬೇಗ ಏಳುತ್ತಲೂ ಇರಲಿಲ್ಲ. ಗುಲಾಬಿ ಹಂಚಿನ ಕಾರ್ಖಾನೆಗೆ ಹೊರಡುತ್ತ, ಕೈಯಲ್ಲಿ ಸಿಂಬೆ ಹಿಡಿದು ಬಾಗಿಲಲ್ಲಿ ನಿಂತು ನೋಡುವಳು. ದಿನವಿಡೀ ಹಸಿ ಹಂಚು ಹೊರುವ ತನ್ನ ತಲೆಯನ್ನು ಅಮ್ಮ ಮುಟ್ಟಿದ್ದು ಅವಳಿಗೆ ನೆನಪಿರಲಿಲ್ಲ.

ಆಗೆಲ್ಲ ಬ್ರೆಡ್ಡು ಎಂದರೆ ಸೀಕಿನವರ ತಿಂಡಿ. ಅಹ್ಮದ್ ಬಾವನ ಅಂಗಡಿಯಿಂದ ಅದನ್ನು ತರುವವಳು ಗುಲಾಬಿ, ಹಾಲಿನಲ್ಲಿ ಅದ್ದಿ ತಿನ್ನುವವಳು ಹೇಮಾಕ್ಷಿ. ಒಮ್ಮೆ ಗುಲಾಬಿ ಒಂದು ತುಂಡಿಗೆ ಕೈ ಚಾಚಿದಳು.

"ನಿನಗೆ ಅದು ಎಂತಕ್ಕೆ ಮಾರಾಯ್ತಿ?" ಎಂದಳು ದೇಯಿ. "ನೀನು ಗಟ್ಟಿ ಇದ್ದೀಯಲ್ಲ!"

ಗಟ್ಟಿ! ಆ ಮಾತು ಕೇಳಿದರೆ ಗುಲಾಬಿಗೆ ಮೈಯೆಲ್ಲ ಉರಿಯುತ್ತಿತ್ತು. ಅಷ್ಟು ಉರಿದರೂ ಹಾಳಾದ ಮೈಗೆ ಜ್ವರ ಮಾತ್ರ ಬರುತ್ತಿರಲಿಲ್ಲ.

ಇಷ್ಟಕ್ಕೂ ಹೇಮಾಕ್ಷಿಯ ಸೀಕು ಯಾವುದು? ಒಂದು ದಿನ ತಲೆಸುತ್ತು, ಒಂದು ದಿನ ಎದೆ ಢವಢವ, ಉಳಿದ ದಿನ ಬರೀ "ಆಗುವುದಿಲ್ಲ". ಕದ್ರಿ ಗುಡ್ಡೆಯ ಬುಡದಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರ್ ಜೊಕಿಮ್ ಅದಕ್ಕೆ ವೀಕ್‌ನೆಸ್ ಎಂದು ಹೆಸರಿಟ್ಟ ಮೇಲೆ ಅವಳ ಗತ್ತು ಇನ್ನೂ ಏರಿತು. ಗುಲಾಬಿಗೆ ತಡೆಯಲಾಗಲಿಲ್ಲ. ಒಂದು ದಿನ ಕೆಲಸ ತಪ್ಪಿಸಿ ಅದೇ ಡಾಕ್ಟರ ಮುಂದೆ ಹೋಗಿ ಕುಳಿತಳು.

"ಎಂತ ಆಗ್ತದೆ?" ಡಾಕ್ಟರು ಕೇಳಿದರು.

"ಎಂತದೂ ಆಗುವುದಿಲ್ಲ ಡಾಕ್ಟ್ರೇ. ಅದಕ್ಕೇ ಬಂದದ್ದು."

ಅವರು ನಾಡಿ ಹಿಡಿದರು, ನಾಲಗೆ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. "ನಿನಗೆ ಸೀಕಿಲ್ಲ. ಮನೆಗೆ ಹೋಗು."

"ನನ್ನ ತಂಗಿಯ ವೀಕ್‌ನೆಸ್ ಈ ಕೊಳವೆಯಲ್ಲಿ ಕೇಳ್ತದಾ?"

"ಇಲ್ಲ. ಅವಳು ಹೇಳ್ತಾಳೆ, ನಾನು ನಂಬ್ತೇನೆ."

"ಹಾಗಾದ್ರೆ ನಾನೂ ಹೇಳ್ತೇನೆ. ನನಗೂ ಸಂಜೆಯಾದ್ರೆ ಕೈಕಾಲು ಬಿದ್ದುಹೋಗ್ತದೆ, ಕಣ್ಣು ಕತ್ತಲೆ ಬರ್ತದೆ."

"ಅದು ದುಡಿದ ಆಯಾಸ."

"ಮಲಗಿದವಳಿಗೆ ಬಂದ್ರೆ ಸೀಕು, ಹೊತ್ತವಳಿಗೆ ಬಂದ್ರೆ ಆಯಾಸವಾ? ಅದು ಯಾವ ನ್ಯಾಯ?"

ಡಾಕ್ಟರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. "ಆಯಾಸ ಮಲಗಿದ್ರೆ ಹೋಗ್ತದೆ, ಸೀಕು ಮಲಗಿದ್ರೂ ಹೋಗುವುದಿಲ್ಲ. ನನಗೆ ಗೊತ್ತಿರುವ ವ್ಯತ್ಯಾಸ ಅಷ್ಟೇ. ನೀನು ಯಾವತ್ತಾದ್ರೂ ಮಲಗಿ ನೋಡಿದ್ದೀಯಾ?"

ಗುಲಾಬಿ ನೋಡಿರಲಿಲ್ಲ. ಡಾಕ್ಟರು ಒಂದು ಬಾಟ್ಲಿ ಕೆಂಪು ಮದ್ದು ಕೊಟ್ಟು ಕಳಿಸಿದರು.

ದಾರಿಯುದ್ದಕ್ಕೂ ಬಾಟ್ಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಬಂದಳು. ಅಮ್ಮ ಗಾಬರಿಯಾಗುತ್ತಾಳೆ, ಹಣೆ ಮುಟ್ಟುತ್ತಾಳೆ, ಬ್ರೆಡ್ಡು ತರಿಸುತ್ತಾಳೆ ಎಂದೆಲ್ಲ ಲೆಕ್ಕ ಹಾಕಿದ್ದಳು. ಬಾಗಿಲಲ್ಲೇ ದೇಯಿಯ ಮುಖ ಅರಳಿತು. "ಹೇಮಳಿಗೆ ತಂದದ್ದಾ? ಒಳ್ಳೆಯದಾಯಿತು ಮಗಾ," ಎಂದು ಬಾಟ್ಲಿ ಕಸಿದುಕೊಂಡು ಒಳಗೆ ನಡೆದಳು. ಹೇಮಾಕ್ಷಿ ಮುಖ ಹಿಂಡಿಕೊಂಡು ಕುಡಿದಳು. ಗುಲಾಬಿ ನಿಂತು ನೋಡಿದಳು, ಅದಲ್ಲದೆ ಇನ್ನೇನು ಮಾಡುವುದು?

ಹೊಟ್ಟೆ ಉರಿಯುವವರಿಗೆ ಇಷ್ಟು ಸಾಲದೆಂಬಂತೆ ಹೇಮಾಕ್ಷಿಗೆ ವಾಸಿಯಾಯಿತು! ಆ ಮದ್ದಿನಿಂದಲೋ, ತಾನಾಗಿಯೋ, ಡಾಕ್ಟರಿಗೂ ಗೊತ್ತಿರಲಿಕ್ಕಿಲ್ಲ. ಕೆನ್ನೆ ತುಂಬಿಕೊಂಡಿತು. ಸಂಕಪ್ಪ ಎಂಬವನನ್ನು ಮದುವೆಯಾಗಿ ಕಾಟಿಪಳ್ಳಕ್ಕೆ ಹೋದಳು, ಮಕ್ಕಳನ್ನು ಹೆತ್ತಳು, ಗದ್ದೆಗಿಳಿದು ಭತ್ತದ ನೇಜಿ ನೆಟ್ಟಳು. ಗುಲಾಬಿಗೆ ಮಾತ್ರ ಮದುವೆ ಕೂಡಿಬರಲಿಲ್ಲ. ದುಡಿಯುವ ಕೈಯನ್ನು ಮನೆ ಬಿಟ್ಟುಕೊಡಲಿಲ್ಲ ಎನ್ನುವುದೇ ಸರಿ. ತಂಗಿಯ ಚಾಪೆ ಸುತ್ತಿ ಇಟ್ಟ ಮೇಲಾದರೂ ಅಮ್ಮನ ಕೈ ತನ್ನ ಕಡೆಗೆ ತಿರುಗೀತು ಎಂದು ಕಾದಳು. ದೇಯಿ ಆ ಖಾಲಿ ಮೂಲೆಯನ್ನೇ ನೋಡುತ್ತ ಕೂರುತ್ತಿದ್ದಳು. "ಹೇಮ ಉಂಡಳೋ ಇಲ್ಲವೋ," ಎನ್ನುತ್ತಿದ್ದಳು. ಬೆವರು ಸುರಿಸಿಕೊಂಡು ಬಂದವಳಿಗೆ ಇದನ್ನು ಕೇಳಿ ಹೇಗಾಗಬೇಡ?

ಎರಡನೆಯ ಮಹಾಯುದ್ಧ ಶುರುವಾದ ವರ್ಷ ದೇಯಿ ಹಾಸಿಗೆ ಹಿಡಿದಳು. ಗುಲಾಬಿ ಕಾರ್ಖಾನೆ ಬಿಟ್ಟು ಪಕ್ಕದಲ್ಲಿ ಕುಳಿತಳು. ಕಾಟಿಪಳ್ಳಕ್ಕೆ ಹೇಳಿಕಳಿಸಿ ಆಗಿತ್ತು, ಹೇಮಾಕ್ಷಿ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಗಂಜಿತಿಳಿ ಕುಡಿಸಲು ಬಗ್ಗಿದಾಗ ದೇಯಿ ಮಂಜಾದ ಕಣ್ಣು ತೆರೆದಳು. ಕೈ ಗಾಳಿಯಲ್ಲಿ ತಡಕಾಡಿತು, ಗುಲಾಬಿಯ ಕೆನ್ನೆಗೆ ತಾಗಿತು, ಮೇಲೆ ಸರಿದು ಹಣೆಯ ಮೇಲೆ ಕುಳಿತಿತು.

ಆ ಕೈ ನಿಜಕ್ಕೂ ಮೆತ್ತಗಿತ್ತು. ಗುಲಾಬಿ ಉಸಿರಾಡಲೂ ಹೆದರಿದಳು.

"ಹೇಮಾ," ಎಂದಳು ದೇಯಿ, "ಜ್ವರ ಬಿಟ್ಟಿತಾ ಮಗಾ?"

ಈಗಲೂ ಅವಳೇ! ಗುಲಾಬಿಯ ಹೊಟ್ಟೆಯೊಳಗೆ ಹಳೆಯ ಉರಿ ಭಗ್ಗೆಂದಿತು. ನಾನು ಗುಲಾಬಿ ಅಮ್ಮ ಎಂಬ ಮಾತು ನಾಲಗೆಯ ತುದಿಗೆ ಬಂತು. ಹೇಳಿದರೆ ಆ ಕೈ ಏಳುತ್ತದೆ. ಗಟ್ಟಿ ಇರುವವಳ ಹಣೆಯಲ್ಲಿ ಅದಕ್ಕೇನು ಕೆಲಸ?

"ಇಲ್ಲ ಅಮ್ಮ," ಎಂದಳು. "ಇನ್ನೂ ಉಂಟು."

ಕೈ ಅಲ್ಲೇ ಉಳಿಯಿತು.