ಬೆಂಕಿಯ ಮುಂದೆ ಕೂತ ಕಮರುನ್ನೀಸಾ

ಬೆಳಗಿನ ಜಾವ ಐದು ಗಂಟೆ. ರಾಯಚೂರಿನ ಓಣಿಯೊಂದರಲ್ಲಿ ಮಂಡಕ್ಕಿ ಹುರಿಯುವ ಮಂಡಾಳ ಭಟ್ಟಿಯ ಬಾಯಿ ಮಾತ್ರ ಕೆಂಪಗಿದೆ. ಕಾದ ಮರಳಿಗೆ ಒಂದು ಹಿಡಿ ಅಕ್ಕಿ ಎಸೆದು ಕಮರುನ್ನೀಸಾ ಕಿವಿಗೊಡುತ್ತಾರೆ. ಚಟಪಟ ಸದ್ದು ಇನ್ನೂ ಇಲ್ಲ. ಒಲೆಗೆ ಮತ್ತಷ್ಟು ಹೊಟ್ಟು ತಳ್ಳುತ್ತಾರೆ. ಏಳರ ಬಸ್ಸಿಗೆ ದೇವದುರ್ಗದ ಸಂತೆಗೆ ಹನ್ನೆರಡು ಚೀಲ ಮಂಡಕ್ಕಿ ಹೋಗಬೇಕು.

"ಎಂಟು ವರ್ಷ ಆತ್ರಿ. ಇವತ್ತಿಗೂ ಮೊದಲ ಹಿಡಿ ಹಾಕುವಾಗ ಎದಿ ಡವಡವ ಅಂತದ."

ಎಂಟು ವರ್ಷದ ಹಿಂದೆ, 1977ರಲ್ಲಿ, ಭಟ್ಟಿ ನಡೆಸುತ್ತಿದ್ದ ಗಂಡ ಗುಲಾಮ್ ದಸ್ತಗೀರ್‌ಗೆ ಲಕ್ವ ಹೊಡೆಯಿತು. ಹೆಂಗಸು ಭಟ್ಟಿಯ ಮುಂದೆ ಕೂತರೆ ಮನೆತನದ ಮರ್ಯಾದೆ ಏನಾಗಬೇಕೆಂದು ಭಾವ ಸೈಫುದ್ದೀನ್ ಭಟ್ಟಿಯನ್ನೇ ಮಾರಲು ಗಿರಾಕಿ ಹುಡುಕಿದರು. ಸುದ್ದಿ ತಿಳಿದು ಹುರಿಯುವ ಆಳುಗಳು ಬಿಟ್ಟು ಹೋದರು. ಉಳಿದವರು ಜರಡಿ ಹಿಡಿಯುವ ಪಾರ್ವತೆಮ್ಮ ಒಬ್ಬರೇ. ಅಷ್ಟರಲ್ಲೇ ದೇವದುರ್ಗದ ವ್ಯಾಪಾರಿಗೆ ಆರು ಚೀಲದ ಮಾತು ಕೊಟ್ಟಾಗಿತ್ತು. ಕಮರುನ್ನೀಸಾ ಒಂದೇ ಒಂದು ದಿನದ ಗಡುವು ಕೇಳಿದರು. ಆರು ಚೀಲ ಬಸ್ಸು ಹತ್ತಿದರೆ ಮಾರುವ ಮಾತು ಎತ್ತುವುದಿಲ್ಲ ಎಂದು ಸೈಫುದ್ದೀನ್ ಬಾಗಿಲಲ್ಲೇ ನಿಂತರು.

ಅಲ್ಲಿಯವರೆಗೆ ಕಮರುನ್ನೀಸಾ ಹುರಿಯುವುದನ್ನು ನೋಡಿದ್ದರೇ ಹೊರತು ಮಾಡಿದ್ದಿಲ್ಲ. ಮೊದಲ ಬಾಣಲೆ ಕರಕಲಾಯಿತು. ಎರಡನೆಯದು ಅರಳಲೇ ಇಲ್ಲ. ಬಿಸಿ ಮರಳು ಸಿಡಿದು ಮುಂಗೈ ಬೊಬ್ಬೆ ಎದ್ದಿತು. ಪಾರ್ವತೆಮ್ಮ ಹಸಿ ಬಟ್ಟೆ ಸುತ್ತಿದರು. ಉರಿ ತಗ್ಗಿಸಿ ಮೂರನೆಯ ಬಾರಿ ಹಾಕಿದಾಗ ಅಕ್ಕಿ ಬೆಳ್ಳಗೆ ಉಬ್ಬಿತು.

ಬಸ್ಸಿನ ಹೊತ್ತಿಗೆ ತುಂಬಿದ್ದು ಐದೇ ಚೀಲ. ಅರಳದೆ ಗಟ್ಟಿ ಉಳಿದದ್ದನ್ನು ತಳಕ್ಕೆ ಹಾಕಿ ಆರನೆಯದನ್ನು ತುಂಬಿಬಿಡು ಎಂದರು ಭಾವ. ಇವರು ಒಪ್ಪಲಿಲ್ಲ.

"ಭಟ್ಟಿ ಹೋದ್ರ ಹೋಗ್ಲಿ, ಕೆಟ್ಟ ಮಾಲು ನನ್ನ ಕೈಲಿಂದ ಹೋಗೂದಿಲ್ಲ ಅಂದೆ."

ಸೈಫುದ್ದೀನ್ ಆ ಐದು ಚೀಲಗಳನ್ನು ತಾವೇ ಹೊತ್ತು ಬಸ್ಸಿಗೆ ಹಾಕಿ, ಜೊತೆಗೆ ಹೋದರು. ಸಂಜೆ ಮರಳಿ ಬಂದು, ವ್ಯಾಪಾರಿ ಮುಂದಿನ ಸಂತೆಗೆ ಎಂಟು ಚೀಲ ಕೇಳಿದ್ದಾರೆ ಎಂದಷ್ಟೇ ಹೇಳಿ ಮನೆಗೆ ನಡೆದರು. ಮಾರುವ ಮಾತು ಮತ್ತೆ ಬರಲಿಲ್ಲ.

ಈಗ ಭಟ್ಟಿಯಲ್ಲಿ ಏಳು ಹೆಂಗಸರಿದ್ದಾರೆ. ಮಸರಕಲ್, ಕುರ್ಡಿಯ ಅಂಗಡಿಗಳಿಗೂ ಇಲ್ಲಿನದೇ ಮಂಡಕ್ಕಿ. ಗಂಡ ಗೋಡೆಗೊರಗಿ ಕೂತು ಒಂದೇ ಕೈಯಲ್ಲಿ ಚೀಲದ ಬಾಯಿ ಹಿಡಿದುಕೊಡುತ್ತಾರೆ. ಮಳೆಗಾಲದಲ್ಲಿ ಹೊಟ್ಟು ತೊಯ್ದರೆ, ಬಸ್ಸು ತಪ್ಪಿದರೆ ಅಂದಿನ ಕೆಲಸವೆಲ್ಲ ಮಣ್ಣುಪಾಲು. ಆ ಅಂಜಿಕೆ ಇರುವುದರಿಂದಲೇ ತಾನು ಎಲ್ಲರಿಗಿಂತ ಮೊದಲು ಏಳುತ್ತೇನೆ ಎನ್ನುತ್ತಾರೆ ಕಮರುನ್ನೀಸಾ.

ಆರೂಮುಕ್ಕಾಲಿಗೆ ಹನ್ನೆರಡನೆಯ ಚೀಲದ ಹೊಲಿಗೆ ಮುಗಿಯುತ್ತದೆ. ಇನ್ನೇನು ಆಸೆ ಎಂದು ಕೇಳಿದರೆ ಕಮರುನ್ನೀಸಾ ಪಾರ್ವತೆಮ್ಮನ ಕಡೆ ನೋಡಿ ದನಿ ತಗ್ಗಿಸುತ್ತಾರೆ.

"ಮಾನ್ವಿಯೊಳಗ ಇನ್ನೊಂದು ಭಟ್ಟಿ ಹಾಕಬೇಕ್ರಿ. ಅದಕ್ಕ ಈಕಿನೇ ಯಜಮಾನಿ. ನಾ ಒಂದಿನ ಗಿರಾಕಿ ಹಂಗ ಹೋಗಿ, ಸಾಲಿನ್ಯಾಗ ನಿಂತು, ಒಂದು ಸೇರು ಮಂಡಾಳ ತಗೊಂಡು ಬರ್ತೀನಿ."