ಆಷಾಢದ ಪರೀಕ್ಷೆ

ಮರುಳಪ್ಪ ಹೇಡಿ. ತಾನು ಹೆದರಿ ಬೇರೆಯವರನ್ನು ಮುಳುಗಿಸುವ ಹೇಡಿ. ಕಾನೂನು ಕಲಿಸುತ್ತ ನಾನು ದಡ್ಡರನ್ನು, ಸೋಮಾರಿಗಳನ್ನು, ಕಾಪಿ ಹೊಡೆಯುವವರನ್ನು ಸಾಕಷ್ಟು ಕಂಡಿದ್ದೇನೆ. ಇವನನ್ನು ನೋಡಿದಾಗ ಆಗುತ್ತಿದ್ದಷ್ಟು ಹೇಸಿಗೆ ಅವರಲ್ಲಿ ಯಾರನ್ನು ನೋಡಿಯೂ ಆಗಿಲ್ಲ.

ಜಗಳೂರು ಕಡೆಯವನು. ಕಾಲೇಜು ಸೇರಿದ ತಿಂಗಳಲ್ಲೇ ಕರಿ ಕೋಟು ಹೊಲಿಸಿದ್ದ. ಮೂರು ವರ್ಷದ ಓದು ಎಂಟು ವರ್ಷವಾದರೂ ಮುಗಿಯಲಿಲ್ಲ. ಕೋಟಿನ ಕಾಲರು ಮಾತ್ರ ತಲೆಯೆಣ್ಣೆ ಕುಡಿದು ಹೊಳೆಯತೊಡಗಿತು. ಅದನ್ನೇ ತೊಟ್ಟು ಮದುವೆಮನೆಗಳಿಗೆ ಹೋಗಿ ವಕೀಲರೆಂದು ಕರೆಸಿಕೊಂಡು, ಮೊದಲ ಪಂಕ್ತಿಯಲ್ಲೇ ಕೂತು ಉಣ್ಣುತ್ತಿದ್ದ.

ನಮ್ಮ ಕಾಲೇಜಿನ ವರ್ಷವೂ ಇಂಥವನಿಗೆಂದೇ ಮಾಡಿದಂತಿತ್ತು. ಅಚ್ಚಾದ ವೇಳಾಪಟ್ಟಿಯಲ್ಲಿ ಜೂನ್‌ಗೆ ಆರಂಭ, ಏಪ್ರಿಲ್‌ಗೆ ಪರೀಕ್ಷೆ. ಬಿ.ಎ. ಫಲಿತಾಂಶ ತಡವಾಗಿ ಬಂದು ತರಗತಿ ತೆರೆಯುತ್ತಿದ್ದದ್ದು ಸೆಪ್ಟೆಂಬರಿಗೆ. ಅಷ್ಟರಲ್ಲಿ ಚನ್ನಗಿರಿ, ಬಸವಾಪಟ್ಟಣದ ಹುಡುಗರು ಅಡಿಕೆ ಕೊಯ್ಲಿಗೆ ಹೋಗಿರುತ್ತಿದ್ದರು. ಜಗಳೂರಿನವರು ಶೇಂಗಾ ಕೀಳಲು. ಸಂಕ್ರಾಂತಿ ಕಳೆದು ಬೆಂಚುಗಳು ತುಂಬಿದವು ಎನ್ನುವಾಗ ಮರುಳಪ್ಪ ‘ಪೋರ್ಷನ್ ಮುಗಿದಿಲ್ಲ, ಪರೀಕ್ಷೆ ಮುಂದೂಡಿ’ ಎಂದು ಮೆರವಣಿಗೆ ಹೊರಡಿಸುತ್ತಿದ್ದ. ಮುಗಿದಿರಲಿಲ್ಲ, ನಿಜ. ಮುಗಿಸಲು ಅವನು ಬಿಟ್ಟಿರಲೂ ಇಲ್ಲ. ಪರೀಕ್ಷೆಯ ಮೊದಲ ದಿನ ಒಬ್ಬರೂ ಬರೆಯದಿದ್ದರೆ ದಿನಾಂಕ ಮುಂದಕ್ಕೆ ಹೋಗುತ್ತಿತ್ತು. ಒಬ್ಬರು ಬರೆದರೂ ಪರೀಕ್ಷೆ ನಡೆದಂತೆ. ಹೊರಗೆ ನಿಂತವರೆಲ್ಲ ಫೇಲು. ಅದಕ್ಕೇ ಗೇಟಿಗೆ ಬೀಗ, ಹಾರಿ ಒಳಹೋದವರಿಗೆ ಕಲ್ಲು. ಒಂದು ವರ್ಷ ಕಿಟಕಿಯ ಗಾಜು ಸಿಡಿದು ಹುಡುಗನೊಬ್ಬನ ಹುಬ್ಬು ಸೀಳಿತು. ಮರುಳಪ್ಪ ಆಗ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದ.

ಸಾಸ್ವೆಹಳ್ಳಿಯ ರುದ್ರಾಣಿ ಕೊನೆಯ ವರ್ಷದಲ್ಲಿದ್ದಳು. ದಿನವೂ ಹೊನ್ನಾಳಿಗೆ ಬಂದು ಬಸ್ಸು ಬದಲಿಸಿ ಕಾಲೇಜಿಗೆ ಬರುವವಳು. ಏಪ್ರಿಲ್‌ನಲ್ಲಿ ಪರೀಕ್ಷೆ, ವೈಶಾಖದಲ್ಲಿ ಮದುವೆ ಎಂದು ಹಿರಿಯರು ಮಾತಾಡಿಕೊಂಡಿದ್ದರು. ೧೯೮೪ರ ಏಪ್ರಿಲ್‌ನಲ್ಲಿ ಮರುಳಪ್ಪನ ಕೃಪೆಯಿಂದ ಪರೀಕ್ಷೆ ಜುಲೈಗೆ ಹೋಯಿತು. ಮುಹೂರ್ತ ಯಾರ ಮೆರವಣಿಗೆಗೂ ಸರಿಯುವುದಿಲ್ಲ. ಮದುವೆಯಾಗಿ ನ್ಯಾಮತಿಯ ಅಡಿಕೆ ವ್ಯಾಪಾರಿಗಳ ಮನೆ ಸೇರಿದಳು. ಆಷಾಢದಲ್ಲಿ ಅತ್ತೆ, ಹೊಸ ಸೊಸೆ ಒಂದೇ ಹೊಸಿಲು ದಾಟಬಾರದೆಂಬ ಪದ್ಧತಿಯಿಂದ ತವರಿಗೆ ಬಂದದ್ದರಿಂದ ಅವಳಿಗೆ ಓದಲು ಒಂದು ತಿಂಗಳು ಸಿಕ್ಕಿತು. ಪದ್ಧತಿಗಳ ಬಗ್ಗೆ ನನಗೆ ಗೌರವ ಕಡಿಮೆ. ಈ ಒಂದರಿಂದ ಉಪಕಾರವಾಯಿತು.

ಜುಲೈಯ ಆ ಬೆಳಿಗ್ಗೆ ನಾನು ಕೊಠಡಿಯ ಮೇಲ್ವಿಚಾರಣೆಗೆ ಬಂದಾಗ ಗೇಟಿಗೆ ಬೀಗ ಬಿದ್ದಿತ್ತು. ನಮ್ಮನ್ನು ಹಿಂದಿನ ಬಾಗಿಲಿಂದ ಕಳ್ಳರಂತೆ ಒಳಗೆ ಬಿಟ್ಟುಕೊಂಡರು. ವರಾಂಡದಲ್ಲಿ ನಿಂತು ನೋಡಿದೆ. ಜಿಟಿಜಿಟಿ ಮಳೆಯಲ್ಲಿ ರುದ್ರಾಣಿ ಮರುಳಪ್ಪನ ಎದುರು ನಿಂತಿದ್ದಳು.

“ಗೇಟ್ ತಗೀರಿ ಮರುಳಪ್ಪಣ್ಣ.”

“ಆಗಸ್ಟ್‌ನಾಗೆ ಬರೆಯೋವಂತೆ ಬಿಡವ್ವ. ಓದಾಕೆ ಇನ್ನೊಂದು ತಿಂಗಳು ಸಿಗ್ತೈತೆ.”

“ನನಗೆಲ್ಲಿ ಸಿಗ್ತೈತೆ? ಆಗಸ್ಟ್ ಅಂದ್ರೆ ಶ್ರಾವಣ. ನಮ್ಮತ್ತೆ ಬಂದು ಕರಕೊಂಡು ಹೋದ್ರೆ ಪುಸ್ತಕ ಅಟ್ಟಕ್ಕೆ, ನಾನು ಒಲೆಗೆ. ಮತ್ತೆ ಕಳಸಲ್ಲ ಅಂತ ಈಗ್ಲೇ ಹೇಳ್ಯಾರೆ.”

“ಹಂಗಾದ್ರೆ ಅತ್ತೇನೂ ಕರಕಂಡು ಬಾರಕ್ಕ, ಜೋಡಿ ಕುಂತು ಬರೀರಿ!” ಹಿಂದಿನಿಂದ ಒಬ್ಬ ಕೂಗಿದ. ಗುಂಪು ನಕ್ಕಿತು. ಮರುಳಪ್ಪನೂ ಹಲ್ಲು ಬಿಟ್ಟ.

ರುದ್ರಾಣಿ ನಗಲಿಲ್ಲ, ಅಳಲೂ ಇಲ್ಲ. “ನಿಮಗೆ ಪರೀಕ್ಷೆ ವರ್ಷಾ ವರ್ಷಾ ಬರ್ತೈತೆ ಅಣ್ಣ. ನನಗೆ ಇದೊಂದೇ ಐತೆ” ಎಂದಳು.

ಅವನು ಕೋಟಿನ ಜೇಬಿಗೆ ಕೈ ಹಾಕಿದ. ಬೀಡಿ ತೆಗೆಯುತ್ತಾನೆಂದುಕೊಂಡೆ. ತೆಗೆದದ್ದು ಬೀಗದ ಕೈ.

“ಏನಣ್ಣ ಮಾಡಾಕತ್ತೀಯ? ಒಬ್ರು ಬರೆದ್ರೂ ನಾವೆಲ್ಲ ಮುಳುಗಿದಂಗೆ!”

“ನನಗೆ ಗೊತ್ತಿಲ್ಲೇನೋ?” ಎನ್ನುತ್ತ ಬೀಗ ತೆಗೆದು ಅವಳನ್ನು ಒಳಗೆ ಬಿಟ್ಟ. ತಾನೂ ಹಿಂದೆಯೇ ಬಂದು ಗೇಟು ಎಳೆದುಕೊಂಡ. “ಒಳಗೆ ನಾನೂ ಕುಂತಿರ್ತೀನಿ. ಕಲ್ಲು ಒಗೆಯೋನು ನೋಡ್ಕಂಡು ಒಗೀಲಿ.”

ಹುಡುಗರು ಅವನ ತಾಯಿ, ಅಕ್ಕ ಯಾರನ್ನೂ ಬಿಡದೆ ಬೈದರು. ಕೆಲವರು ಪರೀಕ್ಷೆ ಬರೆಯಲು ಗೊಣಗುತ್ತ ಹಿಂದೆ ಬಂದರು, ಉಳಿದವರು ಹೊರಗೇ ನಿಂತರು. ಮರುಳಪ್ಪ ರಸ್ತೆಯ ಕಡೆಯ ಕಿಟಕಿಗೆ ಬೆನ್ನು ಕೊಟ್ಟು ಕೂತ. ಆ ಬೆಂಚು ಅವನದಲ್ಲ. “ನಿನ್ನ ನಂಬರು ಆಚೆ ಸಾಲಿನಲ್ಲಿದೆ” ಎಂದೆ.

“ಗೊತ್ತೈತ್ರಿ ಮೇಡಂ. ಇವತ್ತೊಂದಿನ ಇಲ್ಲೇ ಇರ್ತೀನಿ.”

ಅವನ ಮರೆಯಲ್ಲಿ, ಪಕ್ಕದ ಬೆಂಚಿನಲ್ಲಿ ರುದ್ರಾಣಿ ಬರೆಯುತ್ತಿದ್ದಳು. ಅರ್ಧ ಗಂಟೆಯಾದ ಮೇಲೆ ಹೊರಗೆ ಹೋಗಬಹುದೆಂದು ಹೇಳಿದೆ, ತಲೆಯಾಡಿಸಿದ, ಏಳಲಿಲ್ಲ. ಕೊನೆಯ ಗಂಟೆ ಹೊಡೆಯಿತು. ರುದ್ರಾಣಿ ಹೆಚ್ಚುವರಿ ಹಾಳೆಗಳನ್ನೆಲ್ಲ ದಾರದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಆಮೇಲೆ ಅವನು ಎದ್ದು ತನ್ನ ಉತ್ತರ ಪತ್ರಿಕೆ ಕೊಟ್ಟ. ನೋಂದಣಿ ಸಂಖ್ಯೆ ಬಿಟ್ಟರೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.